ಬೆಟ್ಟಿಂಗ್ ವ್ಯಾಪಾರದ ಗಿರಾಕಿ ಯಾರು?

ಐಪಿಎಲ್ ಶುರುವಾಗುವ ಹೊತ್ತಿಗೆ ಪಾವಗಡ ತಾಲ್ಲೂಕಿನ ಹುಡುಗರ ಮೊಬೈಲಿಗೆ ಎರಡು ಬಗೆಯ ಮೆಸೇಜು ಬರುತ್ತವೆ. ‘ಐಡಿ ಬೇಕಾ ಬ್ರೋ? ನೂರು ರೂಪಾಯಿಂದ ಶುರು’ ಎನ್ನುವುದು ಒಂದು. ಇನ್ನೊಂದು ಸ್ವಲ್ಪ ಮರ್ಯಾದೆಯ ಧಾಟಿಯದು: ‘ನಿಮ್ಮ ಊರಿಗೆ ನೀವೇ ಏಜೆಂಟ್ ಆಗಿ. ಬಂಡವಾಳ ಬೇಕಿಲ್ಲ, ವಾರವಾರ ಕಮಿಷನ್.’ ಮೊದಲನೆಯದು ಬೆಟ್ಟಿಂಗ್ ಆ್ಯಪಿನ ಲಾಗಿನ್ ಐಡಿ ಕೊಟ್ಟು ಆಡುವವನನ್ನು ಹುಡುಕುತ್ತದೆ, ಎರಡನೆಯದು ವ್ಯಾಪಾರಿಯನ್ನು. ಡಿಗ್ರಿ ಮುಗಿಸಿ, ಬೆಂಗಳೂರಿನಲ್ಲಿ ಒಂದೆರಡು ವರ್ಷ ದುಡಿದು, ಊರಲ್ಲೇ ಏನಾದರೂ ಮಾಡೋಣವೆಂದು ನಾಗಲಮಡಿಕೆಗೋ ತಿರುಮಣಿಗೋ ಮರಳಿದ ಯುವಕನ ಮನಸ್ಸನ್ನು ಕೆಡಿಸುವುದು ಈ ಎರಡನೆಯ ಮೆಸೇಜು.

ಏಜೆಂಟ್ ಆಗುವ ಯೋಚನೆಯಲ್ಲಿರುವವರಿಗೂ, ಸ್ವಂತ ಆ್ಯಪ್ ಕಟ್ಟಿ ಕ್ರಿಕೆಟ್ ಮೇಲೆ ಆಡಿಸಬಹುದೆಂದು ಲೆಕ್ಕ ಹಾಕುತ್ತಿರುವ ಎಂಜಿನಿಯರಿಂಗ್ ಓದಿದವರಿಗೂ ಈ ಬರಹ. ಊರಲ್ಲಿ ಕಿರಾಣಿ ಅಂಗಡಿ ಇಡುವವರು ಕೂಡ ಮೊದಲು ಗಿರಾಕಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಕೊಳ್ಳುವವರು ಯಾರು? ಯಾಕೆ ಕೊಳ್ಳುತ್ತಾರೆ? ಅವರ ಕೈಗೆ ದುಡ್ಡು ಎಲ್ಲಿಂದ ಬರುತ್ತದೆ? ಒಮ್ಮೆ ಬಂದವರು ಮತ್ತೆ ಬರುತ್ತಾರೆಯೇ? ಇದೇ ಪ್ರಶ್ನೆಗಳನ್ನು ಬೆಟ್ಟಿಂಗ್ ವ್ಯಾಪಾರಕ್ಕೆ ಹಾಕಿ ನೋಡಿದರೆ ಬರುವ ಉತ್ತರ ಯಾರನ್ನಾದರೂ ನಿಲ್ಲಿಸಬೇಕು. ಅವನ್ನೇ ಆಟದ ಬೇರೆ ವ್ಯಾಪಾರಗಳಿಗೆ ಹಾಕಿದರೆ ನಮ್ಮ ಹೋಬಳಿಯಲ್ಲೇ ಮಾಡಬಹುದಾದ ಕೆಲಸ ಕಾಣುತ್ತದೆ. ಎರಡನ್ನೂ ನೋಡೋಣ.

ಮೊದಲು ಕಾನೂನು

‘ಹೈಕೋರ್ಟೇ ಬಿಟ್ಟಿದೆ ಕಣೋ’ ಎಂಬ ಮಾತು ಇನ್ನೂ ಹಳ್ಳಿಕಟ್ಟೆಗಳಲ್ಲಿ ಓಡಾಡುತ್ತಿದೆ. ಅದರ ಹಿಂದೆ ಒಂದು ನಿಜ ಘಟನೆಯಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆದರೆ ಅದು ಕೌಶಲದ ಆಟಗಳಿಗೆ ಸಂಬಂಧಿಸಿದ ತೀರ್ಪು. ಜೂಜು, ಬೆಟ್ಟಿಂಗ್ ಮೇಲೆ 1963ರ ಪೊಲೀಸ್ ಕಾಯ್ದೆಯಲ್ಲಿ ಮೊದಲಿಂದ ಇದ್ದ ಕಲಮುಗಳು ಹಾಗೆಯೇ ಉಳಿದವು. ಐಪಿಎಲ್ ಹೊತ್ತಿನಲ್ಲಿ ಪೊಲೀಸರು ದಾಳಿ ಮಾಡಿ, ಮೊಬೈಲು, ನೋಟು ಹಿಡಿದು ಕೇಸು ಹಾಕುವುದು ಅವುಗಳ ಅಡಿಯಲ್ಲೇ.

ಆಮೇಲೆ ಇನ್ನೂ ದೊಡ್ಡ ಕಾನೂನು ಬಂತು. 2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಒಪ್ಪಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಅದನ್ನು ನಡೆಸುವಂತಿಲ್ಲ ಎನ್ನುತ್ತದೆ ಈ ಕಾಯ್ದೆ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ಹಣ ಸಾಗಿಸಿದವರಿಗೂ ಅಷ್ಟೇ ಶಿಕ್ಷೆ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ; ಅವನನ್ನು ನೊಂದವನೆಂದೇ ನೋಡಲಾಗಿದೆ. ಅಂದರೆ ಊರಿನ ಏಜೆಂಟು ಒಂದೇ ಹೊತ್ತಿಗೆ ಮೂರು ಕಡೆ ಸಿಕ್ಕಿಹಾಕಿಕೊಳ್ಳಬಹುದು. ಐಡಿ ಕೊಡುವವನು ಅವನೇ, ಫೋನ್‌ಪೇನಲ್ಲಿ ದುಡ್ಡು ಪಡೆಯುವವನು ಅವನೇ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ರೇಟು ಹಾಕುವವನೂ ಅವನೇ.

ಕಾಯ್ದೆ ಬಂದ ಕೂಡಲೇ ಫ್ಯಾಂಟಸಿ ಕ್ರಿಕೆಟ್ಟಿನ ಡ್ರೀಮ್11 ದುಡ್ಡಿನ ಸ್ಪರ್ಧೆಗಳನ್ನು ನಿಲ್ಲಿಸಿತು, ಭಾರತ ತಂಡದ ಜರ್ಸಿಯ ಮೇಲಿನ ಪ್ರಾಯೋಜಕತ್ವವನ್ನೂ ಬಿಟ್ಟಿತು. ಬೆಂಗಳೂರಿನ ಗೇಮಿಂಗ್ ಕಂಪನಿ ಎಂಪಿಎಲ್ ತನ್ನ ನೌಕರರಲ್ಲಿ ಬಹುಪಾಲು ಮಂದಿಯನ್ನು ತೆಗೆಯಬೇಕಾಯಿತು. ಎ23 ಆಟಗಳ ಕಂಪನಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬೇರೆ ಹೈಕೋರ್ಟುಗಳಲ್ಲೂ ಅರ್ಜಿ ಬಿದ್ದವು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನ್ನೆಲ್ಲ ತನ್ನ ಬಳಿಗೇ ತರಿಸಿಕೊಂಡಿತು. ಸಾವಿರಾರು ಕೋಟಿಯ ಕಂಪನಿಗಳೇ ಅಂಗಡಿ ಮುಚ್ಚಿದ ಮೇಲೆ, ನಮ್ಮೂರ ಹುಡುಗನಿಗೆ ಮೆಸೇಜು ಕಳಿಸುವವರು ಯಾರು ಎಂದು ಯೋಚಿಸಬೇಕು. ಅವರ ಕಚೇರಿ ನಮ್ಮ ದೇಶದ್ದಲ್ಲ, ವಿಳಾಸವಿಲ್ಲ, ಫೋನ್ ನಂಬರು ವಾರಕ್ಕೊಮ್ಮೆ ಬದಲಾಗುತ್ತದೆ. ಪೊಲೀಸರು ಬಂದಾಗ ಕೈಗೆ ಸಿಗುವವನು ಊರಿನ ಏಜೆಂಟು ಮಾತ್ರ.

ಪಾವಗಡದವರಿಗೆ ಇನ್ನೊಂದು ತೊಡಕಿದೆ. ತಾಲ್ಲೂಕಿನ ಬಹುಪಾಲು ಸುತ್ತು ಆಂಧ್ರವೇ. ನಂಟರು, ಸ್ನೇಹಿತರು, ಕ್ರಿಕೆಟ್ ತಂಡಗಳು ಎರಡೂ ಕಡೆ ಹರಡಿಕೊಂಡಿವೆ. ಆಂಧ್ರಪ್ರದೇಶ ತನ್ನ 1974ರ ಗೇಮಿಂಗ್ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು ಆನ್‌ಲೈನ್ ಜೂಜು, ಬೆಟ್ಟಿಂಗನ್ನು ನಿಷೇಧಿಸಿದೆ, ಅಲ್ಲಿ ಆಡುವವನಿಗೂ ಶಿಕ್ಷೆಯಿದೆ. ಮಡಕಶಿರಾ ಕಡೆಯ ಗೆಳೆಯನಿಗೆ ಇಲ್ಲಿಂದ ಐಡಿ ಕೊಟ್ಟರೆ ಎರಡು ರಾಜ್ಯಗಳ ಪೊಲೀಸರಿಗೆ ಉತ್ತರ ಹೇಳಬೇಕಾದೀತು.

ಕುದುರೆ ಜೂಜಿನ ಮಾತು ಬೇರೆ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಓಟವನ್ನು ಕೌಶಲದ ಆಟವೆಂದು ಹೇಳಿತು. ಬೆಂಗಳೂರು, ಮೈಸೂರಿನ ಕ್ಲಬ್ಬುಗಳು ಸರ್ಕಾರದ ಲೈಸೆನ್ಸಿನ ಮೇಲೆ ಅದನ್ನು ನಡೆಸುತ್ತ ಬಂದಿವೆ. ಅದನ್ನು ತೋರಿಸಿ ಹಳ್ಳಿಯಲ್ಲಿ ಕ್ರಿಕೆಟ್ ಮೇಲೆ ಬಾಜಿ ಹಿಡಿಯಲು ಆಗುವುದಿಲ್ಲ. ಸಂಕ್ರಾಂತಿ ಹೊತ್ತಿನ ಕೋಳಿ ಪಂದ್ಯಕ್ಕಂತೂ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಅಡ್ಡ ಬರುತ್ತದೆ.

ಲೆಕ್ಕ ಹಾಕಿದರೆ ಗಿರಾಕಿ ಕಾಣುತ್ತಾನೆ

ಕಾನೂನನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಬರೀ ವ್ಯಾಪಾರವಾಗಿ ನೋಡೋಣ. ಎರಡು ಸಮಬಲದ ತಂಡಗಳ ಪಂದ್ಯ. ಯಾರು ಗೆದ್ದರೂ ನೂರಕ್ಕೆ ನೂರ ತೊಂಬತ್ತು ಕೊಡುತ್ತೇನೆ ಎನ್ನುತ್ತಾನೆ ಬಾಜಿ ಹಿಡಿಯುವ ಬುಕ್ಕಿ. ಒಬ್ಬ ಈ ಕಡೆ ನೂರು ಕಟ್ಟಿದ, ಇನ್ನೊಬ್ಬ ಆ ಕಡೆ ನೂರು. ಬಂದದ್ದು 200, ಗೆದ್ದವನಿಗೆ ಹೋಗುವುದು 190. ಪಂದ್ಯ ಯಾರದೇ ಆಗಲಿ, ಬುಕ್ಕಿಗೆ 10 ಖಚಿತ, ಅಂದರೆ ಕಟ್ಟಿದ ಮೊತ್ತದ ಶೇ 5. ಸಣ್ಣದಾಗಿ ಕಾಣುತ್ತದೆ. ಆದರೆ ಗೆದ್ದವನು ಆ ದುಡ್ಡನ್ನು ಮನೆಗೆ ಒಯ್ಯುವುದಿಲ್ಲ, ಮುಂದಿನ ಪಂದ್ಯಕ್ಕೆ ಮತ್ತೆ ಕಟ್ಟುತ್ತಾನೆ. ಹೀಗೆ 1,000 ರೂಪಾಯಿಯನ್ನು ಹತ್ತು ಬಾರಿ ತಿರುಗಿಸಿದರೆ ಸರಾಸರಿ 600 ಉಳಿಯುತ್ತದೆ, ಇಪ್ಪತ್ತು ಬಾರಿ ತಿರುಗಿಸಿದರೆ ಸುಮಾರು 360. ಓವರಿಗೊಂದು, ಸೆಷನ್ನಿಗೊಂದು ಬಾಜಿ ಕಟ್ಟುವ ಹುಡುಗ ಇಪ್ಪತ್ತು ಬಾರಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿರುತ್ತಾನೆ. ಕ್ರಿಕೆಟ್ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಈ ಶೇ 5ರ ಸೋರಿಕೆಯನ್ನು ತುಂಬಿಕೊಳ್ಳುವಷ್ಟು ಗೊತ್ತಿರುವವರು ತೀರ ವಿರಳ.

ಈಗ ಏಜೆಂಟನ ಲೆಕ್ಕ. ಅವನ ಕೆಳಗೆ ಇಪ್ಪತ್ತು ಹುಡುಗರಿದ್ದಾರೆ, ವಾರಕ್ಕೆ ಒಬ್ಬೊಬ್ಬರು ಸಾವಿರ ಸೋಲುತ್ತಾರೆ, ಸೋತ ದುಡ್ಡಿನಲ್ಲಿ ನೂರಕ್ಕೆ ಹತ್ತು ಅವನ ಪಾಲು ಎಂದಿಟ್ಟುಕೊಳ್ಳಿ. ಅವನಿಗೆ ಸಿಗುವುದು 2,000. ಹೋಬಳಿಯಿಂದ ಹೊರಗೆ ಹೋಗುವುದು 18,000. ಕಡ್ಲೆಕಾಯಿ ಮಂಡಿಯವನು ಕಮಿಷನ್ ಹಿಡಿದರೂ ರೈತನ ಕೈಗೆ ದುಡ್ಡು ಬರುತ್ತದೆ. ಇಲ್ಲಿ ಏಜೆಂಟನ ಆದಾಯ ಹೆಚ್ಚಬೇಕೆಂದರೆ ಅವನ ಜೊತೆ ಓದಿದವರು, ಅವನ ಓಣಿಯವರು ಇನ್ನಷ್ಟು ಸೋಲಬೇಕು, ಬೇರೆ ದಾರಿಯೇ ಇಲ್ಲ. ವ್ಯಾಪಾರಿಯ ಒಳಿತೂ ಗಿರಾಕಿಯ ಒಳಿತೂ ಒಂದೇ ದಿಕ್ಕಿಗೆ ಹೋಗದ ವ್ಯಾಪಾರದಲ್ಲಿ ‘ಗಿರಾಕಿಯನ್ನು ಅರಿಯುವುದು’ ಅಂದರೆ ಅವನು ಎಲ್ಲಿ ದುರ್ಬಲ ಎಂದು ಅರಿಯುವುದೇ ಆಗಿಬಿಡುತ್ತದೆ.

ಅದನ್ನು ಅವರು ಚೆನ್ನಾಗಿಯೇ ಅರಿತಿದ್ದಾರೆ. ನಾಗಲಮಡಿಕೆ ಹೋಬಳಿಯಲ್ಲಿ ದುಡ್ಡು ವರ್ಷವಿಡೀ ಒಂದೇ ಸಮ ಹರಿಯುವುದಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಭೂಮಿ ಕೊಟ್ಟ ರೈತರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಗುತ್ತಿಗೆ ಹಣ ಒಟ್ಟಿಗೆ ಕೈಸೇರುವ ಕಾಲ ಒಂದು, ಕಡ್ಲೆಕಾಯಿ ಮಾರಿದ ಕಾಲ ಇನ್ನೊಂದು, ಬೆಂಗಳೂರಿಗೆ ಹೋದವರು ಯುಗಾದಿಗೋ ಪುಷ್ಯದ ಸುಬ್ರಹ್ಮಣ್ಯ ಜಾತ್ರೆಗೋ ದುಡ್ಡು ಹಿಡಿದು ಬರುವ ಕಾಲ ಮತ್ತೊಂದು. ಯಾರ ಮನೆಗೆ ಯಾವಾಗ ದುಡ್ಡು ಬಂತೆಂದು ದೂರದ ಬುಕ್ಕಿಗೆ ತಿಳಿಯದು. ತಿಳಿಯುವುದು ಊರಿನವನಿಗೆ. ಏಜೆಂಟನನ್ನು ಊರಿನಲ್ಲೇ ಹುಡುಕುವುದು ಇದಕ್ಕೇ.

ಇನ್ನು ಆಡುವವನು ಯಾಕೆ ಆಡುತ್ತಾನೆ? ದುಡ್ಡಿನಾಸೆ ಒಂದೇ ಕಾರಣವಲ್ಲ. ಕೆಲಸವಿಲ್ಲದ ಸಂಜೆಗಳು, ಜೊತೆಗಾರರ ನಡುವೆ ಮಾತಾಡಲು ಒಂದು ವಿಷಯ, ಪಂದ್ಯದಲ್ಲಿ ತನ್ನದೂ ಒಂದು ಪಾಲಿದೆ ಎನ್ನುವ ಬಿಸಿ. ಆರ್‌ಸಿಬಿ ಅಭಿಮಾನಿಗಳಂತೂ 2025ರ ಜೂನ್ 3ರಂದು ಕಪ್ ಬರುವವರೆಗೆ ಹದಿನೇಳು ಸೀಸನ್ ಕಾದವರು. ಪ್ರೀತಿಯ ತಂಡದ ಮೇಲೆ ಕಟ್ಟುವವನು ಲೆಕ್ಕ ನೋಡಿ ಕಟ್ಟುವುದಿಲ್ಲ, ಬುಕ್ಕಿಗಳಿಗೆ ಅದೂ ಗೊತ್ತು. ಮೊದಮೊದಲು ಸಣ್ಣಪುಟ್ಟ ಗೆಲುವು ಕೈಗೆ ಬರುತ್ತದೆ. ಸೋಲು ಶುರುವಾದ ಮೇಲೆ ಮನಸ್ಸಿನಲ್ಲಿ ಉಳಿಯುವ ಮಾತು ಒಂದೇ: ‘ಹೋಗಿದ್ದು ವಾಪಸ್ ಬಂದ್ರೆ ಸಾಕು, ಬಿಟ್ಬಿಡ್ತೀನಿ.’ ಬೆಟ್ಟಿಂಗಿಗೆ ಬಿದ್ದವರೆಲ್ಲರ ಬಾಯಲ್ಲೂ ಬರುವ ಮಾತಿದು, ದೊಡ್ಡ ಸಾಲ ಹುಟ್ಟುವುದೂ ಇಲ್ಲಿಂದಲೇ.

ಬೆಟ್ಟಿಂಗ್ ಕಾನೂನುಬದ್ಧವಾಗಿ, ಲೈಸೆನ್ಸಿನಡಿ ನಡೆಯುವ ಬ್ರಿಟನ್ನಿನ ಅನುಭವ ಇಲ್ಲಿ ನೆನೆಯಬೇಕು. ಅಲ್ಲಿನ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದು 2020ರ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ, ಜೂಜಿನ ಉದ್ಯಮದ ಲಾಭದಲ್ಲಿ ಶೇ 60 ಬರುವುದು ಶೇ 5ರಷ್ಟು ಗಿರಾಕಿಗಳಿಂದ. ಅವರು ಆಗಲೇ ಚಟಕ್ಕೆ ಬಿದ್ದವರು ಅಥವಾ ಬೀಳುವ ಅಂಚಿನಲ್ಲಿರುವವರು. ಎಲ್ಲ ನಿಯಮಗಳಿದ್ದಲ್ಲೇ ಹೀಗೆ. ಮನರಂಜನೆಗೆ ಐವತ್ತು ರೂಪಾಯಿ ಕಟ್ಟಿ ಮರೆಯುವವನು ಈ ವ್ಯಾಪಾರದ ನಿಜವಾದ ಗಿರಾಕಿ ಆಗುವುದೇ ಇಲ್ಲ. ನಿಲ್ಲಿಸಲಾಗದವನು ಇವರ ಗಿರಾಕಿ.

ಅವನ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಅವರನ್ನು ಯಾವ ಸರ್ವೆಯೂ ಕೇಳುವುದಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ 2024ರ ಮಾರ್ಚ್‌ನಲ್ಲಿ, ಗಂಡನ ಐಪಿಎಲ್ ಬೆಟ್ಟಿಂಗ್ ಸಾಲಕ್ಕಾಗಿ ಸಾಲ ಕೊಟ್ಟವರ ಕಿರುಕುಳ ತಾಳಲಾರದೆ ಯುವ ಗೃಹಿಣಿಯೊಬ್ಬರು ಪ್ರಾಣ ಕಳೆದುಕೊಂಡದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಅವರು ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಗಿರಾಕಿ ಯಾರೆಂದು ಬರೆದುಕೊಳ್ಳುವ ಹಾಳೆಯಲ್ಲಿ ಹೆಂಡತಿ, ತಾಯಿ, ಸಂಘದ ಸಾಲಕ್ಕೆ ಜಾಮೀನು ನಿಂತ ನೆರೆಮನೆಯಾಕೆ, ಇವರ ಹೆಸರೂ ಇರಬೇಕು. ಬಿಲ್ಲು ಕೊನೆಗೆ ಹೋಗುವುದು ಅವರ ಹೆಸರಿಗೆ.

ಖಾತೆ ಬಾಡಿಗೆಗೆ ಕೊಡಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ಸಿಕ್ಕಿಬೀಳುವವರಿಗೆ ತಾವು ಬೆಟ್ಟಿಂಗ್ ವ್ಯಾಪಾರದಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ‘ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ’ ಎಂದು ಕೇಳುವವರಿದ್ದಾರೆ. ಬುಕ್ಕಿಗಳ ದುಡ್ಡು, ಸೈಬರ್ ವಂಚನೆಯ ದುಡ್ಡು ಇಂಥ ಖಾತೆಗಳ ಮೂಲಕವೇ ಓಡುತ್ತದೆ. ಎಲ್ಲೋ ಒಬ್ಬರು ದೂರು ಕೊಟ್ಟರೆ ಆ ದುಡ್ಡು ಹಾದುಹೋದ ಖಾತೆಗಳಿಗೆಲ್ಲ ಬ್ಯಾಂಕು ತಡೆ ಹಾಕುತ್ತದೆ. ಮಗ ಕೊಟ್ಟದ್ದು ತಾಯಿಯ ಖಾತೆಯಾದರೆ ಗೃಹಲಕ್ಷ್ಮಿಯ 2,000, ಉದ್ಯೋಗ ಖಾತ್ರಿಯ ಕೂಲಿ, ಬೆಳೆ ವಿಮೆ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೊಲೀಸರ ನೋಟಿಸು ಬೇರೆ ರಾಜ್ಯದ್ದಾಗಿದ್ದರೆ ಬಿಡಿಸಿಕೊಳ್ಳಲು ಅಲ್ಲಿಗೇ ಓಡಾಡಬೇಕಾಗಬಹುದು.

ದುಡ್ಡು ಕಳೆದುಕೊಂಡಿದ್ದರೆ, ಮೋಸವಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟು ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಆಡುವುದನ್ನು ನಿಲ್ಲಿಸಲಾಗದೆ ಒದ್ದಾಡುತ್ತಿರುವವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಆನ್‌ಲೈನ್ ಆಟಗಳ ಚಟಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ಘಟಕವಿದೆ.

ಅದೇ ಪ್ರಶ್ನೆ, ಮೈದಾನದಲ್ಲಿ

ಆಟದ ಹುಚ್ಚು ನಮ್ಮ ಹುಡುಗರಲ್ಲಿ ಇದ್ದೇ ಇದೆ. ಕಡ್ಲೆಕಾಯಿ ಕಿತ್ತ ಮೇಲೆ ಹೊಲಗಳು ಖಾಲಿ. ಡಿಸೆಂಬರಿನಿಂದ ಬೇಸಿಗೆಯವರೆಗೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಎಲ್ಲ ಕಡೆ ಟೆನಿಸ್ ಬಾಲ್ ಟೂರ್ನಮೆಂಟಿನ ಪಾಂಪ್ಲೆಟ್ಟು ವಾಟ್ಸಾಪಿನಲ್ಲಿ ಹಾರಾಡುತ್ತದೆ. ಇದನ್ನು ಯಾರಾದರೂ ಶ್ರದ್ಧೆಯಿಂದ, ವ್ಯಾಪಾರವಾಗಿ ನಡೆಸಿದರೆ ಗಿರಾಕಿ ಸಿಗುತ್ತಾನೆಯೇ?

ಹೀಗೆ ಕೇಳಬೇಡಿ: ‘ಚೆನ್ನಾಗಿರೋ ಟೂರ್ನಮೆಂಟ್ ಮಾಡ್ತೀನಿ, ಬರ್ತೀರಾ?’ ಹಳ್ಳಿಯಲ್ಲಿ ಎದುರಿಗೆ ಕೇಳಿದವನಿಗೆ ಯಾರೂ ಇಲ್ಲ ಎನ್ನುವುದಿಲ್ಲ. ‘ಖಂಡಿತಾ ಬರ್ತೀವಿ, ಮಾಡಣ್ಣ’ ಎನ್ನುತ್ತಾರೆ. ಆ ಮಾತನ್ನು ನಂಬಿ ಸಾಲ ಎತ್ತಿದವರು ಕೆಟ್ಟಿದ್ದಾರೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳುವ ಬದಲು ಹಿಂದೆ ಏನು ಮಾಡಿದಿರಿ ಎಂದು ಕೇಳಿ. ಆದದ್ದನ್ನು ಹೇಳುವಾಗ ಜನ ಹೆಚ್ಚು ಕಡಿಮೆ ನಿಜವನ್ನೇ ಹೇಳುತ್ತಾರೆ. ಪಕ್ಕದ ಊರಿನ ತಂಡದ ಕ್ಯಾಪ್ಟನ್ ಜೊತೆ ಮಾತು ಹೀಗೆ ಸಾಗಬಹುದು:

‘ಕಡೇ ಸಲ ಟೂರ್ನಮೆಂಟ್‌ಗೆ ಹೋಗಿದ್ದು ಎಲ್ಲಿಗಣ್ಣ?’

‘ವೈ.ಎನ್. ಹೊಸಕೋಟೆಗೆ.’

‘ಎಂಟ್ರಿ ಎಷ್ಟಿತ್ತು?’

‘ಸಾವಿರದೈನೂರು.’

‘ಯಾರು ಕೊಟ್ರಿ?’

‘ಎಲ್ಲ ಸೇರಿ ಹಾಕಿದ್ವಿ. ಇಬ್ರು ಕೊಡ್ಲಿಲ್ಲ, ನಾನೇ ಹಾಕ್ದೆ.’

‘ಹೋಗಿ ಬರೋಕೆ?’

‘ಟಾಟಾ ಏಸ್ ಮಾಡ್ಕೊಂಡಿದ್ವಿ. ಎಂಟ್ರಿಗಿಂತ ಅದೇ ಭಾರ ಆಯ್ತು. ಎಂಟು ಗಂಟೆಗೆ ಬನ್ನಿ ಅಂದಿದ್ರು, ಮ್ಯಾಚ್ ಶುರುವಾಗಿದ್ದು ಹನ್ನೊಂದಕ್ಕೆ. ಒಂದೇ ಮ್ಯಾಚು, ಸೋತ್ವಿ, ಬಂದ್ವಿ.’

ಈ ಒಂದು ಮಾತುಕತೆಯಲ್ಲಿ ನಾಲ್ಕೈದು ವಿಷಯ ಸಿಕ್ಕವು. ಎಂಟ್ರಿ ಫೀಸಿಗೆ ದುಡ್ಡು ಇದೆ, ಅದು ಅಡ್ಡಿಯಲ್ಲ. ಕೊಡುವ ತೀರ್ಮಾನ ಕ್ಯಾಪ್ಟನ್ನನದು, ಕೆಲವು ಸಲ ದುಡ್ಡೂ ಅವನದೇ. ಗಾಡಿ ಬಾಡಿಗೆ ನೋವು. ಕಾಯಿಸುವುದು ನೋವು. ಎಲ್ಲಕ್ಕಿಂತ ದೊಡ್ಡ ನೋವು ಒಂದೇ ಪಂದ್ಯಕ್ಕೆ ಮನೆಗೆ ಬರುವುದು. ದೊಡ್ಡ ಬಹುಮಾನ ಇಟ್ಟರೆ ತಂಡಗಳು ಬರುತ್ತವೆಂದು ನಾವು ಅಂದುಕೊಂಡಿರುತ್ತೇವೆ. ಆದರೆ ಬಹುಮಾನ ಗೆಲ್ಲುವ ತಂಡ ಒಂದೋ ಎರಡೋ, ಮಿಕ್ಕವರು ಬರುವುದು ಆಡಲಿಕ್ಕೆ. ಇಂಥ ಹತ್ತು ಹನ್ನೆರಡು ಕ್ಯಾಪ್ಟನ್ನರ ಬಳಿ ಮಾತಾಡಿದ ಮೇಲೂ ಇದೇ ಕೇಳಿಬಂದರೆ, ಮಾಡಬೇಕಾದ್ದು ಸೋತವರನ್ನು ಒಂದೇ ಪಂದ್ಯಕ್ಕೆ ಮನೆಗೆ ಕಳಿಸುವ ನಾಕೌಟ್ ಆಗಿರಲಾರದು. ಎಂಟು ತಂಡ, ನಾಲ್ಕು ನಾಲ್ಕರ ಎರಡು ಗುಂಪು. ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ. ಗುಂಪಿನ ಹನ್ನೆರಡು, ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು 15 ಪಂದ್ಯ. ಎಂಟು ಓವರಿನ ಪಂದ್ಯಗಳನ್ನು ದಿನಕ್ಕೆ ನಾಲ್ಕರಂತೆ ಆಡಿಸಿದರೆ ಎರಡು ವಾರಾಂತ್ಯದಲ್ಲಿ ಮುಗಿಯುತ್ತದೆ. ನಡು ಮಧ್ಯಾಹ್ನದ ಬಿಸಿಲು ಬಿಟ್ಟು ಬೆಳಗ್ಗೆ ಎರಡು, ಸಂಜೆಗೆ ಎರಡು. ಯಾವ ತಂಡ ಎಷ್ಟು ಗಂಟೆಗೆ ಬರಬೇಕೆಂದು ಮೊದಲೇ ಹೇಳಿ, ಆ ಹೊತ್ತಿಗೆ ಆಡಿಸಿದರೆ ಅರ್ಧ ಹೆಸರು ಅಲ್ಲೇ ಬಂತು.

ಮಾತಾಡುವ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಕಡೆ ಅನೇಕರ ಮನೆಮಾತು ತೆಲುಗು. ಪಾಂಪ್ಲೆಟ್ಟು ಕನ್ನಡದಲ್ಲಿರಲಿ, ಮಾತು ಅವರಿಗೆ ಸಲೀಸಾದ ಭಾಷೆಯಲ್ಲಿರಲಿ. ದುಡ್ಡಿನ ನಿಜ ಮನೆಮಾತಿನಲ್ಲೇ ಹೊರಬರುವುದು. ಗುಂಪಿನಲ್ಲಿ ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ; ಗುಂಪಿನಲ್ಲಿ ಎಲ್ಲರೂ ಜೋರಾಗಿ ಮಾತಾಡುವವನ ಮಾತಿಗೆ ತಲೆಯಾಡಿಸುತ್ತಾರೆ. ಮಾತಾಡಿ ಬಂದ ಮೇಲೆ ಅವತ್ತೇ ನೋಟ್‌ಬುಕ್ಕಿನಲ್ಲಿ, ಅವರು ಹೇಳಿದ ಮಾತಿನಲ್ಲೇ ಬರೆದಿಡಿ.

ಆಡುವವರಲ್ಲದೆ ಇನ್ನೂ ಇಬ್ಬರು ಗಿರಾಕಿಗಳಿದ್ದಾರೆ. ಒಬ್ಬರು ಸ್ಪಾನ್ಸರು: ಗೊಬ್ಬರದಂಗಡಿ, ಮೊಬೈಲ್ ಅಂಗಡಿ, ಬೈಕ್ ಶೋರೂಮು, ಪಂಚಾಯಿತಿ ಸದಸ್ಯರು. ಅವರಿಗೂ ಹಿಂದಿನದನ್ನೇ ಕೇಳಿ. ಹೋದ ಜಾತ್ರೆಗೆ ಫ್ಲೆಕ್ಸಿಗೆ ಎಷ್ಟು ಕೊಟ್ಟಿರಿ, ಅದರಿಂದ ಯಾರಾದರೂ ಅಂಗಡಿಗೆ ಬಂದರಾ? ಟ್ರೋಫಿಯ ಮೇಲೆ ಹೆಸರು ಹಾಕಿಸುವುದಕ್ಕಿಂತ, ಪಂದ್ಯದ ದಿನ ಅಂಗಡಿಯ ಒಂದು ಟೇಬಲ್ಲು ಮೈದಾನದಲ್ಲೇ ಹಾಕಿಕೊಡುವುದು ಗೊಬ್ಬರದಂಗಡಿಯವರಿಗೆ ಹೆಚ್ಚು ಬೇಕಾಗಿರಬಹುದು. ಕೇಳದೆ ಗೊತ್ತಾಗುವುದಿಲ್ಲ. ಇನ್ನೊಬ್ಬರು ನೋಡುವವರು. ಅವರು ಟಿಕೆಟ್ ಕೊಳ್ಳುವುದಿಲ್ಲ, ಆದರೆ ಚುರುಮುರಿ, ಟೀ, ನೀರಿನ ಬಾಟಲು ಕೊಳ್ಳುತ್ತಾರೆ. ನೆರಳು ಇದ್ದರೆ ಸಂಜೆವರೆಗೂ ಕೂರುತ್ತಾರೆ.

ಹೆಣ್ಣುಮಕ್ಕಳ ಕಬಡ್ಡಿ, ಖೋಖೋ, ವಾಲಿಬಾಲಿನ ಕಡೆ ಯಾರೂ ನೋಡುವುದೇ ಇಲ್ಲ. ಶಾಲೆಯಲ್ಲಿ ಚೆನ್ನಾಗಿ ಆಡುವ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಆಟ ಬಿಡುತ್ತಾರೆ. ಯಾಕೆಂದು ಅವರನ್ನೂ ಅವರ ತಾಯಂದಿರನ್ನೂ ಕೇಳಿ. ಶೌಚಾಲಯ, ಬಸ್ಸಿನ ಹೊತ್ತು, ಜೊತೆಗೆ ಬರುವ ಟೀಚರು, ಈ ಮೂರರಲ್ಲಿ ಒಂದು ಉತ್ತರ ಬರುವ ಸಂಭವವೇ ಹೆಚ್ಚು, ಮೂರನ್ನೂ ನಾವು ಸರಿಮಾಡಬಹುದು. ನಗರಗಳಲ್ಲಿ ನಡೆಯುವ ಬಾಕ್ಸ್ ಕ್ರಿಕೆಟ್ ಟರ್ಫ್ ಪಾವಗಡದಂಥ ಪಟ್ಟಣದಲ್ಲಿ ನಡೆದೀತು, ಹೋಬಳಿಯಲ್ಲಿ ಅಷ್ಟು ಬಂಡವಾಳ ಹೂಡುವುದು ಬೇಡವೆಂದೇ ನನ್ನ ಅಭಿಪ್ರಾಯ. ಮ್ಯಾಟು, ನೆಟ್ಟು, ಮೈಕು, ಬಾಡಿಗೆಗೆ ಕೊಡುವ ಕಿಟ್ಟುಗಳಿಗೆ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ, ಶುರುವಿಗೆ ಅಷ್ಟು ಸಾಕು.

ಬುಕ್ಕಿ ಮೈದಾನಕ್ಕೂ ಬರುತ್ತಾನೆ

ಆಡುವ ತಂಡಗಳೇ ಶುಲ್ಕ ಕಟ್ಟಿ, ಆಡಿ ಗೆದ್ದವರು ಬಹುಮಾನ ಒಯ್ಯುವುದು ಪಂದ್ಯಾವಳಿ. ಬೌಂಡರಿ ಆಚೆ ಕೂತವರು ಯಾರು ಗೆಲ್ಲುತ್ತಾರೆಂದು ದುಡ್ಡು ಕಟ್ಟಿದರೆ ಅದು ಬೆಟ್ಟಿಂಗ್. ನೀವು ಮೊದಲನೆಯದನ್ನು ನಡೆಸುತ್ತಿದ್ದರೂ ಎರಡನೆಯದು ತಾನಾಗಿ ಹತ್ತಿರ ಬರುತ್ತದೆ, ಎಚ್ಚರ ತಪ್ಪಿದರೆ ಇಡೀ ವ್ಯಾಪಾರವನ್ನು ನುಂಗುತ್ತದೆ.

ಕರ್ನಾಟಕ ಪ್ರೀಮಿಯರ್ ಲೀಗಿನ ಕಥೆ ನಮ್ಮ ಕಣ್ಣಮುಂದೆಯೇ ಇದೆ. 2009ರಲ್ಲಿ ಶುರುವಾದ ಕೆಪಿಎಲ್ ಜಿಲ್ಲೆಗಳ ಹುಡುಗರಿಗೆ ಟಿವಿಯಲ್ಲಿ ಕಾಣಿಸಿಕೊಳ್ಳುವ ಬಾಗಿಲಾಗಿತ್ತು. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್ ಆರೋಪದ ಮೇಲೆ ಒಂದು ತಂಡದ ಮಾಲೀಕರನ್ನು ಬಂಧಿಸಿದರು. ನವೆಂಬರಿನಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ಹೆಸರಾಂತ ಆಟಗಾರರ ಬಂಧನವಾಯಿತು. 2022ರ ಜನವರಿಯಲ್ಲಿ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ದಂಡಸಂಹಿತೆಯ 420ನೇ ಕಲಮಿನ ವಂಚನೆಯ ಅಡಿ ಬರುವುದಿಲ್ಲವೆಂದು ಕೆಲವರ ಮೇಲಿನ ಮೊಕದ್ದಮೆಯನ್ನು ರದ್ದುಮಾಡಿತು. ಕೋರ್ಟಿನಲ್ಲಿ ಬಿಡುಗಡೆಯಾದರೂ ಕೆಪಿಎಲ್ ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ. 2022ರ ಆಗಸ್ಟಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ‘ಮಹಾರಾಜ ಟ್ರೋಫಿ’ ಎಂಬ ಬೇರೆ ಹೆಸರಿನ ಟೂರ್ನಿಯನ್ನೇ ಶುರುಮಾಡಬೇಕಾಯಿತು. ಆಟ ನೋಡುವ ಗಿರಾಕಿ ಕೊಳ್ಳುವುದು ಒಂದೇ ವಸ್ತುವನ್ನು: ಮುಂದಿನ ಬಾಲು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆ. ಅದು ಹೋದರೆ ಮಾರಲು ಏನೂ ಉಳಿಯುವುದಿಲ್ಲ.

ಹಳ್ಳಿಯ ಪಂದ್ಯಕ್ಕೆ ಇದೆಲ್ಲ ಬರುವುದಿಲ್ಲ ಎನ್ನುವಂತಿಲ್ಲ. ಗುಜರಾತಿನ ಮೆಹಸಾಣಾ ಜಿಲ್ಲೆಯ ಮೋಲಿಪುರ ಎಂಬ ಹಳ್ಳಿಯ ಹೊಲದಲ್ಲಿ 2022ರಲ್ಲಿ ಒಂದು ನಕಲಿ ಐಪಿಎಲ್ಲೇ ನಡೆಯಿತು. ಕೂಲಿ ಹುಡುಗರಿಗೆ ಪಂದ್ಯಕ್ಕೆ 400 ರೂಪಾಯಿ ಕೊಟ್ಟು, ಜರ್ಸಿ ತೊಡಿಸಿ, ಕ್ಯಾಮೆರಾ ನಿಲ್ಲಿಸಿ ಯೂಟ್ಯೂಬಿನಲ್ಲಿ ತೋರಿಸಿದರು. ದುಡ್ಡು ಕಟ್ಟುತ್ತಿದ್ದವರು ರಷ್ಯಾದಲ್ಲಿದ್ದವರು. ಮುಂದಿನ ಬಾಲಿಗೆ ಏನು ಮಾಡಬೇಕೆಂದು ಅಂಪೈರಿಗೆ ಸೂಚನೆ ಬರುತ್ತಿತ್ತು. ಕೊನೆಗೆ ಪೊಲೀಸರು ಬಂದು ಸಂಘಟಕರನ್ನು ಹಿಡಿದರು. ಹಾಗಾಗಿ ನಿಮ್ಮ ಟೂರ್ನಮೆಂಟಿನ ಲೈವ್ ವಿಡಿಯೊ ಕೇಳಿಕೊಂಡು ಗುರುತಿಲ್ಲದವರು ದೊಡ್ಡ ಮೊತ್ತ ಹಿಡಿದು ಬಂದರೆ, ಅದೇ ಅನುಮಾನಕ್ಕೆ ಮೊದಲ ಕಾರಣ. ಲೈವ್ ನಿಮ್ಮದೇ ಚಾನೆಲ್ಲಿನಲ್ಲಿ, ಊರಿನವರಿಗಾಗಿ ಇರಲಿ. ಅಂಪೈರುಗಳು ಆಡುವ ಊರುಗಳವರಾಗದಂತೆ ನೋಡಿಕೊಳ್ಳಿ, ಪಂದ್ಯ ನಡೆಯುವಾಗ ಅವರ ಮೊಬೈಲು ಸ್ಕೋರರ್ ಟೇಬಲ್ಲಿನ ಮೇಲಿರಲಿ. ‘ಬಾಜಿ ಕಟ್ಟುವುದು ಕಂಡರೆ ತಂಡ ಹೊರಗೆ’ ಎಂದು ಪಾಂಪ್ಲೆಟ್ಟಿನಲ್ಲೇ ಹಾಕಿ, ಮೈಕಿನಲ್ಲೂ ಹೇಳಿ. ಮೈಕಿಗೂ ಜನ ಸೇರುವುದಕ್ಕೂ ಠಾಣೆಯಿಂದ ಅನುಮತಿ ತೆಗೆದುಕೊಳ್ಳುವಾಗ ಇದನ್ನು ಬರವಣಿಗೆಯಲ್ಲಿ ಕೊಟ್ಟರೆ ಅವರಿಗೂ ನಿಮ್ಮ ಮೇಲೆ ಭರವಸೆ ಹುಟ್ಟುತ್ತದೆ.

ಮೊದಲ ಸೀಸನ್ ಮುಗಿದ ವಾರದಲ್ಲೇ ಮಾಡಬೇಕಾದ ಒಂದು ಕೆಲಸವಿದೆ. ಬಂದ ಎಂಟು ತಂಡಗಳು ಹೊಗಳುತ್ತವೆ, ಅದರಿಂದ ಹೆಚ್ಚೇನೂ ಕಲಿಯಲಾಗದು. ಪಾಂಪ್ಲೆಟ್ಟು ಕಳಿಸಿಯೂ ಬಾರದ ತಂಡಗಳ ಪಟ್ಟಿ ತೆಗೆದು, ಒಬ್ಬೊಬ್ಬ ಕ್ಯಾಪ್ಟನ್ನನಿಗೂ ಫೋನು ಮಾಡಿ. ಯಾಕೆ ಬರಲಿಲ್ಲ ಎಂದು ಕೇಳಿದರೆ ಮುಜುಗರಪಟ್ಟು ‘ಕೆಲಸ ಇತ್ತಣ್ಣ’ ಎನ್ನುತ್ತಾರೆ. ಆ ಶನಿವಾರ, ಭಾನುವಾರ ಹುಡುಗರು ಎಲ್ಲಿದ್ದರು, ಏನು ಮಾಡಿದರು ಎಂದು ಕೇಳಿ. ಸೋಲಾರ್ ಪ್ಲಾಂಟಿನಲ್ಲಿ ಶಿಫ್ಟ್ ಇತ್ತು ಎಂದರೆ ಮುಂದಿನ ಸಲ ಪಂದ್ಯದ ಹೊತ್ತು ಬದಲಿಸಬೇಕು. ಕಿಟ್ ಇರಲಿಲ್ಲ ಎಂದರೆ ಬಾಡಿಗೆ ಕಿಟ್ಟಿಗೆ ಗಿರಾಕಿ ಸಿಕ್ಕಂತೆ. ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಮ್ಯಾಚ್ ಮೇಲೆ ಆಡುತ್ತಿದ್ದರು ಎಂದು ಯಾರಾದರೂ ಬಾಯಿಬಿಟ್ಟರೆ, ಆ ತಂಡಕ್ಕೆ ಮುಂದಿನ ಸೀಸನ್ನಿನ ಮೊದಲ ಕರೆ ಹೋಗಲಿ, ಎಂಟ್ರಿ ಫೀಸನ್ನು ಕಂತಿನಲ್ಲಿ ಕೊಡಲು ಬಿಟ್ಟಾದರೂ ಸರಿ.